ಕೂಸು ಹಾಲು ಕುಡೀತು

ಹಿರೇಹಡಗಲಿ
೨೨ ಜುಲೈ ೨೦೨೪

ಚಂದನಾ,

ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುತ್ತಿಲ್ಲ. ಅಳಿಯಂದಿರಿಗೆ ಮಾಡಿದರೆ, "ಆಕಿ ಪಂಚಾಯ್ತಿ ಆಫೀಸಿನ್ಯಾಗ ಅದಾಳ್ರಿ ಅತ್ತಿ, ಆಮ್ಯಾಲೆ ಮಾಡಸ್ತೀನಿ" ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಕಾಗದ ಬರೆಯಲು ಕೂತೆ. ಇಪ್ಪತ್ತಾರು ವರ್ಷ ಅಂಗನವಾಡಿಯ ರಿಜಿಸ್ಟರು ಬರೆದ ಕೈ ಇದು. ಮಕ್ಕಳ ತೂಕ, ಎತ್ತರ, ಚುಚ್ಚುಮದ್ದು ಬರೆದಷ್ಟು ಸಲೀಸಾಗಿ ಮಗಳಿಗೆ ನಾಲ್ಕು ಸಾಲು ಬರೆಯಲು ಬರುತ್ತಿಲ್ಲ.

ಗುರುವಾರ ಸಂಜೆ ನೀನು ಉಣ್ಣದೆ ಎದ್ದು ಹೋಗಿ ಮಲಗಿದೆ. ಎರಡು ದಿನ ಇರಲೆಂದು ಬಂದವಳು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟುಬಿಟ್ಟೆ. ನಿಮ್ಮಪ್ಪ, "ಏನಂದಿ ಆಕಿಗೆ?" ಎಂದು ನನ್ನನ್ನೇ ಗದರಿದರು. ಏನೂ ಅನ್ನಲಿಲ್ಲ, ಧಾರಾವಾಹಿ ನೋಡುವಾಗ ಮಾತಿಗೆ ಮಾತು ಬೆಳೆಯಿತು ಅಂದೆ.

ಅಲ್ಲವೇ ಮತ್ತೆ? 'ಮೂರನೇ ವಾರ್ಡು' ನೋಡಲು ಓಣಿಯ ಗುರುಬಸಮ್ಮ, ನಾಗಲಿಂಗಮ್ಮ ದಿನಾ ನಮ್ಮ ಮನೆಗೇ ಬರುತ್ತಾರೆ. ಅವತ್ತಿನದು, ಸತ್ತ ಕೂಸನ್ನು ಬದುಕಿದೆ ಎಂದು ಡಾಕ್ಟರಮ್ಮ ಬಾಣಂತಿಗೆ ಹೇಳುವ ದೃಶ್ಯ. ಗುರುಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ದೇವರಂಥಾಕಿ ನೋಡವಾ ಈ ಡಾಕ್ಟರಮ್ಮ" ಅಂದಳು. ನಾಗಲಿಂಗಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಎಲ್ಲಿ ದೇವರು? ಹೆತ್ತಾಕಿಗೆ ಕೂಸಿನ ಮಕ ತೋರಿಸ್ದಂಗ ಮಣ್ಣು ಮಾಡೋದು ಯಾವ ಧರ್ಮ?" ಅಂದಳು. ನಾನೂ ಸುಮ್ಮನಿರಬೇಕಿತ್ತು. ಬಾಯಿ ಹಾಕಿದೆ, ತಪ್ಪಾಯಿತು. ಅದು ಟೀವಿಯವರು ದುಡಿಯಲು ಮಾಡಿದ ಕಥೆ. ಅದಕ್ಕಾಗಿ ತಾಯಿಯ ಹತ್ತಿರ ಮಾತು ಬಿಡುತ್ತಾರೆಯೇ?

ಫೋನ್ ಎತ್ತು.

ನಿನ್ನ ಅವ್ವ,
ಭರಮಮ್ಮ


ಕೂಡ್ಲಿಗಿ
೩ ಆಗಸ್ಟ್ ೨೦೨೪

ಅವ್ವಾ,

ಕಾಗದ ತಲುಪಿತು. ನೀನು ಏನೇನೋ ಬರೆದೆ, ನೀನು ಆಡಿದ ಮಾತನ್ನು ಮಾತ್ರ ಬರೆಯಲಿಲ್ಲ. ನಾನು ಬರೆಯುತ್ತೇನೆ.

ನಾಗಲಿಂಗಮ್ಮ ಹಾಗಂದಾಗ ನೀನು ಮೊರದಲ್ಲಿದ್ದ ಜೋಳವನ್ನು ಪಕ್ಕಕ್ಕೆ ತಳ್ಳಿ ಕೂಗಾಡಿದೆ. "ಬಾಣಂತಿ ಜೀವ ಹೋಗಿದ್ರ ಮಕ ಯಾರಿಗೆ ತೋರಿಸ್ತಿದ್ದಿ? ಆ ಹೊತ್ತಿನ್ಯಾಗ ನಿಂತಾರಿಗೆ ಗೊತ್ತು. ಮೂರು ದಿನ ಸುಳ್ಳು ಹೇಳೋದು ಸುಮ್ನ ಅಂದ್ಕಂಡಿಯೇನು?" ಅಂದೆ. ನಾನು, "ಮೂರು ದಿನ ಎಲ್ಲೈತವ್ವಾ? ಧಾರಾವಾಹ್ಯಾಗ ಒಂದು ತಾಸೂ ಆಗಿಲ್ಲ" ಅಂದೆ. ನೀನು ನನ್ನ ಮುಖ ನೋಡಲಿಲ್ಲ. ಗುರುಬಸಮ್ಮ ಟೀವಿಯ ದನಿ ಜಾಸ್ತಿ ಮಾಡಿದಳು.

ಅವ್ವಾ, ಯಾವ ಮೂರು ದಿನ?

ಎರಡು ವರ್ಷದ ಹಿಂದೆ ದಾವಣಗೆರೆಯ ಆಸ್ಪತ್ರೆಯಲ್ಲಿ ನನ್ನ ಮಗಳು ಹುಟ್ಟಿದ್ದು ಆಗಸ್ಟ್ ಹದಿಮೂರಕ್ಕೆ. ತೀರಿಕೊಂಡದ್ದು ಹದಿನೇಳರ ಬೆಳಿಗ್ಗೆ. ಇದು ನೀನು ಹೇಳಿದ ಲೆಕ್ಕ. ಬಿ.ಪಿ. ಏರಿ, ಫಿಟ್ಸ್ ಬಂದು, ನಾನು ಮಲಗಿದ ಕಡೆಯೇ ಮಲಗಿದ್ದೆ. ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ, ನಾನು ಎದ್ದು ಓಡಾಡಿದ ಮೇಲೆ ತೋರಿಸುತ್ತಾರೆ ಎಂದು ನೀನು ಅಂದಿದ್ದೆ. ನಾಲ್ಕನೇ ದಿನ ಬಂದು, ಹೋಗಿಬಿಟ್ಟಳು ಅಂದೆ. ಆಸ್ಪತ್ರೆಯವರೇ ಮಣ್ಣು ಮಾಡಿದರು ಅಂದೆ. ನಾನು ನಂಬಿದೆ.

ಅದು ಸರಿಯೋ ಅಲ್ಲವೋ, ಒಂದೇ ಸಾಲು ಬರೆ. ಫೋನ್ ಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಕೇಳಬೇಕಾದ್ದನ್ನು ಬಿಟ್ಟು ನಿನ್ನನ್ನು ಸಮಾಧಾನ ಮಾಡುತ್ತೇನೆ.

ಚಂದನಾ


ಹಿರೇಹಡಗಲಿ
೧೨ ಆಗಸ್ಟ್ ೨೦೨೪

ಚಂದನಾ,

ಸರಿ. ಹದಿನೇಳೇ. ಮಾತಿನ ಭರದಲ್ಲಿ ಮೂರು ಅಂದಿರಬೇಕು, ಎರಡು ಅಂದಿರಬೇಕು, ಅದನ್ನು ಹಿಡಿದು ಎಳೆದಾಡಬೇಡ. ಆಗಸ್ಟ್ ತಿಂಗಳು ಬಂದರೆ ನಿನ್ನ ಮನಸ್ಸು ಹೀಗಾಗುತ್ತದೆ, ಗೊತ್ತಿದೆ. ಮೈಲಾರಕ್ಕೆ ಹೋಗಿ ನಿನ್ನ ಹೆಸರಿನಲ್ಲಿ ಒಂದು ಕಾಯಿ ಒಡೆಸಿ ಬಂದೆ.

ಅಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗಿದ್ದಾರೆ, ಬರುವುದು ಹದಿನೈದು ದಿನ. ಆ ಧಾರಾವಾಹಿಯಲ್ಲಿ ಬಾಣಂತಿ ಈಗ ಗುಣವಾಗಿದ್ದಾಳೆ. ನಿಜ ತಿಳಿದ ಮೇಲೆ ಡಾಕ್ಟರಮ್ಮನ ಕಾಲಿಗೆ ಬಿದ್ದಳು. ನಾಗಲಿಂಗಮ್ಮ ಕೂಡ, "ಆತು ಬಿಡು, ಆಕಿ ಮಾಡಿದ್ದ ಚೊಲೋ ಆತು" ಅಂದಳು. ನೀನೂ ಹೊಟ್ಟೆಗೆ ಸರಿಯಾಗಿ ತಿನ್ನು. ಕೆದಕಬೇಡ.

ಅವ್ವ


ಕೂಡ್ಲಿಗಿ
೯ ಸೆಪ್ಟೆಂಬರ್ ೨೦೨೪

ಅವ್ವಾ,

ನಾನು ದಿನಾ ಪಂಚಾಯಿತಿಯ ಕಂಪ್ಯೂಟರಿನಲ್ಲಿ ಬೇರೆಯವರ ಜನನ, ಮರಣ ಟೈಪು ಮಾಡುವವಳು. ನನ್ನ ಮಗಳದ್ದನ್ನು ಇಷ್ಟು ದಿನ ತೆಗೆಸಿ ನೋಡಿರಲಿಲ್ಲ. ನೋಡಲು ಕೈ ಬರಲಿಲ್ಲ. ಹೋದ ಮಂಗಳವಾರ ರಜೆ ಹಾಕಿ ದಾವಣಗೆರೆಗೆ ಹೋದೆ. ತಾಯಿ ಕಾರ್ಡು ತೋರಿಸಿ ಅರ್ಜಿ ಕೊಟ್ಟೆ. ಎರಡು ಕಾಗದ ಕೊಟ್ಟರು.

ಜನನ: ಹದಿಮೂರು ಆಗಸ್ಟ್, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಮರಣ: ಹದಿನಾಲ್ಕು ಆಗಸ್ಟ್, ಬೆಳಿಗ್ಗೆ ಆರು ಐದು.

ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಎಷ್ಟೋ ಹೊತ್ತು ಆ ದಿನಗಳನ್ನು ಒಂದೊಂದಾಗಿ ನೆನೆದೆ. ಹದಿನಾಲ್ಕರ ಮಧ್ಯಾಹ್ನ ನೀನು, ಕೂಸು ಸೀನಿತು ಅಂದಿದ್ದೆ. ಹದಿನೈದಕ್ಕೆ ಕಾಲು ಒದ್ದು ಬಟ್ಟೆ ಸರಿಸಿತು ಅಂದೆ. ಹುಬ್ಬು ನನ್ನ ಹಾಗೆ ಕೂಡಿವೆ ಅಂದೆ. ಹದಿನಾರಕ್ಕೆ, "ದನಿ ಕೇಳಿದ್ರ ಈ ಕಡಿ ತಿರುಗ್ತಾಳ, ಜಾಣಿ ಅದಾಳ" ಅಂದೆ. ನನ್ನ ಮಗಳ ಬಗ್ಗೆ ನನಗೆ ಗೊತ್ತಿರುವುದೇ ಇಷ್ಟು. ಎರಡು ವರ್ಷ ಇವನ್ನೇ ಇಟ್ಟುಕೊಂಡು ಬದುಕಿದೆ. ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಕೂಸು ನೀನು ಕಟ್ಟಿದ ಕೂಸು.

ಇನ್ನೊಂದು ಕೇಳುತ್ತೇನೆ. ಆ ಮೂರು ದಿನ ನಾನು ಹಾಲು ಹಿಂಡಿ ಸ್ಟೀಲಿನ ಲೋಟದಲ್ಲಿ ಕೊಡುತ್ತಿದ್ದೆ. ಕೈಗೆ ಸಲೈನು ಚುಚ್ಚಿತ್ತು, ಎಡಗೈಯಲ್ಲೇ ಹಿಂಡುತ್ತಿದ್ದೆ. ನೀನು ತೆಗೆದುಕೊಂಡು ಹೋಗಿ, ಖಾಲಿ ಲೋಟ ತಂದು, "ಕೂಸು ಹಾಲು ಕುಡೀತು" ಅನ್ನುತ್ತಿದ್ದೆ. ಆ ಹಾಲನ್ನು ಏನು ಮಾಡಿದೆ?

ನಮ್ಮ ಆಫೀಸಿನಲ್ಲೂ ಆ ಧಾರಾವಾಹಿಯದೇ ಮಾತು. ಜೀವ ಉಳಿಸುವ ಸುಳ್ಳು ಸುಳ್ಳೇ ಅಲ್ಲ ಎಂದು ಕಾರ್ಯದರ್ಶಿ ಹೇಳಿದರು. ಅವರು ಊಟದ ಡಬ್ಬಿ ಬಿಚ್ಚುತ್ತಾ ಹೇಳಿದರು.

ನಿಜವಾಗಿ ನಡೆದದ್ದನ್ನು ಬರೆ. ನನ್ನ ಆರೋಗ್ಯಕ್ಕೆ ಹೆದರಬೇಡ. ಬರೆಯಲಿಕ್ಕೆ ಆಗದಿದ್ದರೆ ಅದನ್ನಾದರೂ ಬರೆ.

ಚಂದನಾ


ಹಿರೇಹಡಗಲಿ
೨೧ ಅಕ್ಟೋಬರ್ ೨೦೨೪

ಚಂದನಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ತಿದ್ದದೆ ಹಾಕುತ್ತೇನೆ.

ಕೂಸು ಹುಟ್ಟಿದಾಗಲೇ ಉಸಿರು ಸರಿ ಇರಲಿಲ್ಲ. ಒಂದೂವರೆ ಕೆಜಿ ಇತ್ತು. ಸಂಜೆ ನಾಲ್ಕರ ಸುಮಾರಿಗೆ ತಿಪ್ಪೇರುದ್ರಮ್ಮ ಎಂಬ ನರ್ಸು ನನ್ನನ್ನೂ ಅಳಿಯಂದಿರನ್ನೂ ಕರೆದಳು. "ಅಮ್ಮಾ, ಕೂಸು ಬೆಳಗಾನ ಇರೋದು ಕಷ್ಟ ಐತಿ. ತಾಯಿಗೆ ಈಗ ಎಚ್ಚರ ಐತಿ. ಮಂಚ ಸಮೇತ ತಳ್ಕೊಂಡು ಹೋಗಿ ಒಂದ್ಸಲ ಕೈಯಾಗ ಕೊಡೋಣೇನು? ಡಾಕ್ಟ್ರು ನಿಮ್ಮನ್ನ ಕೇಳು ಅಂದ್ರು" ಅಂದಳು. ಮಧ್ಯಾಹ್ನವಷ್ಟೇ ನಿನಗೆ ಎರಡನೇ ಸಲ ಫಿಟ್ಸ್ ಬಂದಿತ್ತು. ನಿನ್ನ ಕಣ್ಣುಗುಡ್ಡೆ ಮೇಲೆ ಸಿಕ್ಕಿದ್ದನ್ನು ನಾನು ನೋಡಿದ್ದೆ. ನಾಲಗೆ ಕಚ್ಚಿಕೊಂಡು ಬಾಯ ತುಂಬ ರಕ್ತ.

"ಬ್ಯಾಡ" ಅಂದೆ.

ಅಳಿಯಂದಿರು, "ಅತ್ತಿ, ಒಂದ್ಸಲ ತೋರಿಸಿದ್ರ..." ಅಂದರು. "ಇದು ಹೋಗೋ ಕೂಸು. ಆಕಿನೂ ಕಳ್ಕೋಬೇಕೇನು ನಾನು? ಇದ್ದೊಬ್ಬ ಮಗಳು" ಅಂದೆ. ಅವರು ಗೋಡೆಯ ಕಡೆ ತಿರುಗಿ ನಿಂತರು. ಅವರದ್ದೇನೂ ತಪ್ಪಿಲ್ಲ. ಡಾಕ್ಟರದ್ದೂ ಇಲ್ಲ, ನರ್ಸಿನದೂ ಇಲ್ಲ. ಬೇಡ ಅಂದವಳು ನಾನು. ನಿನಗೆ ಹೇಳಕೂಡದೆಂದು ಅಳಿಯಂದಿರ ಕೈಯಲ್ಲಿ ನಿನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿದವಳೂ ನಾನೇ. ನೀನು ನಿದ್ದೆಯಲ್ಲಿದ್ದೆ.

ನಾನು ಕೂಸಿನ ಹತ್ತಿರ ಕೂತೆ. ಅಷ್ಟು ನಿಜ. ತಲೆ ತುಂಬ ಕೂದಲಿತ್ತು, ಅದು ನಿಜ. ಬಲಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು, ಅದನ್ನು ನಿನಗೆ ಯಾವತ್ತೂ ಹೇಳಿಲ್ಲ. ಹುಬ್ಬು ಕೂಡಿರಲಿಲ್ಲ. ಅದಕ್ಕೆ ಹುಬ್ಬೇ ಮೂಡಿರಲಿಲ್ಲ. ಸೀನಲಿಲ್ಲ. ಕಾಲು ಒದೆಯಲಿಲ್ಲ. ಕಣ್ಣು ಒಮ್ಮೆಯೂ ತೆರೆಯಲಿಲ್ಲ. ಬೆಳಿಗ್ಗೆ ಉಸಿರು ನಿಂತಾಗ ಹಾಲಿನವರು ಕಾರಿಡಾರಿನಲ್ಲಿ ಓಡಾಡುತ್ತಿದ್ದರು.

ಒಂದು ದಿನ ಮಾತ್ರ ಮುಚ್ಚಿಡೋಣ ಅಂದುಕೊಂಡಿದ್ದೆ. ಹದಿನಾಲ್ಕರ ಮಧ್ಯಾಹ್ನ ನೀನು, "ಕೂಸು ಹೆಂಗೈತವ್ವ" ಅಂದೆ. ಚೆನ್ನಾಗಿದೆ ಅಂದರೆ ನೀನು ತಲೆ ಎತ್ತಿ ಎರಡು ಗುಟುಕು ಗಂಜಿ ಕುಡಿದೆ. ಸಂಜೆ ಮತ್ತೆ ಕೇಳಿದೆ. ಬಿ.ಪಿ. ಇಳಿದಿತ್ತು. ಮತ್ತೊಂದು ಹೇಳಿದೆ. ಹೀಗೇ ಹೋಯಿತು.

ಹಾಲನ್ನು ಬಚ್ಚಲಿಗೆ ಸುರಿದೆ. ಪ್ರತಿ ಸಲವೂ. ನಲ್ಲಿ ಬಿಟ್ಟು ಹರಿಸಿದೆ. ಬೇಗ ಬಂದರೆ ನಿನಗೆ ಅನುಮಾನ ಬರುತ್ತದೆಂದು, ಒಂದು ಕೂಸು ಅಷ್ಟು ಹಾಲು ಕುಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲೇ ನಿಂತಿರುತ್ತಿದ್ದೆ. ಎಷ್ಟು ಕೂಸುಗಳಿಗೆ ಕುಡಿಸಿದವಳು ನಾನು, ಆ ಹೊತ್ತು ನನಗೆ ಸರಿಯಾಗಿ ಗೊತ್ತು.

ಮಣ್ಣು ಮಾಡಿದ್ದು ಆಸ್ಪತ್ರೆಯವರಲ್ಲ. ಅಳಿಯಂದಿರು ಒಬ್ಬರೇ ತಮ್ಮ ಊರು ಚಿಗಟೇರಿಗೆ ಒಯ್ದರು. ಎಲ್ಲಿ ಎಂದು ಅವರನ್ನು ಕೇಳು.

ನೀನು ಬದುಕಿದೆ. ನಾನು ಬೇರೆ ಮಾಡಿದ್ದರೂ ಬದುಕುತ್ತಿದ್ದೆಯೋ ಏನೋ, ನನಗೆ ಗೊತ್ತಿಲ್ಲ.

ಭರಮಮ್ಮ


ಕೂಡ್ಲಿಗಿ
೮ ಡಿಸೆಂಬರ್ ೨೦೨೪

ಅವ್ವಾ,

ನಿನ್ನ ಕಾಗದ ಬಂದ ದಿನ ಇವರು ಯಾರದೋ ಬೋರಿನ ಮೋಟರು ರಿಪೇರಿಗೆ ಹೋಗಿದ್ದರು. ಬಂದು ಕೈ ತೊಳೆಯುವವರೆಗೆ ಕಾದು, ಕಾಗದವನ್ನು ಮುಂದೆ ಇಟ್ಟೆ. ಓದಿದರು. ಓದಿ ಮಡಚಿ ನನ್ನ ಕೈಗೆ ಕೊಟ್ಟರು.

"ನನಗ ಹೇಳಬಾರ್ದಾಗಿತ್ತೇನ್ರಿ?" ಅಂದೆ.

"ಎಷ್ಟು ಸಲ ಬಾಯಿ ತನಕ ಬಂದಿತ್ತು. ನಿನ್ನ ತಲಿ ಮುಟ್ಟಿ ಆಣಿ ಮಾಡಿದ್ದೆ. ಹೇಳಿದ್ರ ನಿನಗ ಏನರ ಆಕ್ಕೈತಿ ಅಂತ ಅಂಜಿಕಿ."

"ಎಲ್ಲಿಟ್ಟೀರಿ?"

ಮರುದಿನ ಹರಪನಹಳ್ಳಿಯ ಮೇಲೆ ಹಾಯ್ದು ಚಿಗಟೇರಿಗೆ ಕರೆದುಕೊಂಡು ಹೋದರು. ನಮ್ಮ ಹೊಲದ ಬಡಗಣ ಬದು, ಹುಣಸೆ ಗಿಡದ ಬುಡ. ಒಂದು ಕಲ್ಲೂ ಇಟ್ಟಿರಲಿಲ್ಲ, ನಾನು ಕೇಳಿಯೇನು ಎಂದು. ಅವ್ವಾ, ಎರಡು ವರ್ಷ ಕಳೆ ತೆಗೆಯಲು ಹೋದಾಗೆಲ್ಲ ನಾನು ಆ ನೆರಳಲ್ಲೇ ಕೂತು ರೊಟ್ಟಿ ತಿಂದಿದ್ದೇನೆ. ಅಲ್ಲೇ ಸೆರಗು ಹಾಸಿ ಮಲಗಿದ್ದೇನೆ. "ಈ ಕಡಿ ಬಾ, ಅಲ್ಲಿ ಇರಿವಿ ಅದಾವ" ಎಂದು ಇವರು ಕರೆಯುತ್ತಿದ್ದರು. ಒಂದು ಇರುವೆಯೂ ಇರಲಿಲ್ಲ, ಇವರೇಕೆ ಹೀಗೆ ಅಂತ ನಕ್ಕಿದ್ದೇನೆ.

ಇವರು ಅತ್ತರು. ನನಗೆ ಅಳು ಬರಲಿಲ್ಲ. ಮಣ್ಣಿನ ಮೇಲೆ ಕೈಯಿಟ್ಟೆ, ಬಿಸಿಲಿಗೆ ಕಾದಿತ್ತು, ತೆಗೆದೆ.

ಆ ಧಾರಾವಾಹಿಯ ಭಾಗವನ್ನು ಫೋನಿನಲ್ಲಿ ಹುಡುಕಿ ಮತ್ತೆ ನೋಡಿದೆ. ಕೆಳಗೆ ನೂರಾರು ಜನ ಬರೆದು ಜಗಳವಾಡಿದ್ದಾರೆ. ಡಾಕ್ಟರು ಮಾಡಿದ್ದು ಸರಿ ಅನ್ನುವವರು, ತಪ್ಪು ಅನ್ನುವವರು. ನಾನು ಯಾವ ಕಡೆ ಎಂದು ನನಗೆ ಗೊತ್ತಾಗಲಿಲ್ಲ. ಅವತ್ತು ಸಂಜೆ ನನ್ನನ್ನು ತಳ್ಳಿಕೊಂಡು ಹೋಗಿ ಕೈಗೆ ಕೊಟ್ಟಿದ್ದರೆ ಮೂರನೇ ಫಿಟ್ಸ್ ಬರುತ್ತಿತ್ತೇನೋ. ಸಾಯುತ್ತಿದ್ದೆನೇನೋ. ಆಗ ನೀನು ಹೇಗೆ ಬದುಕುತ್ತಿದ್ದೆ ಎಂದೂ ಯೋಚಿಸಿದೆ. ನೀನು ಮಾಡಿದ್ದು ತಪ್ಪು ಎಂದು ಬರೆಯಲು ಕೈ ಬರುವುದಿಲ್ಲ. ಆದರೆ ನನ್ನ ಮಗಳು ಬದುಕಿದ್ದ ಹತ್ತೊಂಬತ್ತು ತಾಸು ಅವಳ ತಾಯಿ ಮೂವತ್ತು ಹೆಜ್ಜೆ ದೂರದಲ್ಲಿದ್ದಳು, ಯಾರೂ ಕೂಸನ್ನು ಎತ್ತಿ ತಾಯಿಯ ಹತ್ತಿರ ತರಲಿಲ್ಲ. ಇದನ್ನು ದಾಟಿ ನಿನ್ನ ಮನೆಯ ಹೊಸ್ತಿಲಿಗೆ ಬರಲು ನನ್ನಿಂದ ಆಗುತ್ತಿಲ್ಲ.

ಇನ್ನೊಂದು ವಿಷಯ. ನಿನ್ನ ಕಾಗದ ಬಂದಾಗಲೇ ಮುಟ್ಟು ನಿಂತಿತ್ತು. ಈಗ ಮೂರು ತಿಂಗಳು. ಡಾಕ್ಟರು ಈಗಲೇ ಬಿ.ಪಿ. ಗುಳಿಗೆ ಕೊಟ್ಟಿದ್ದಾರೆ, ಹೋದ ಸಲದ ಹಾಗೆಯೇ ಆಗಬಹುದು ಎಂದು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ.

ಹೆರಿಗೆಗೆ ನೀನು ಬರಬೇಡ ಎಂದು ಬರೆದು ಹೊಡೆದು ಹಾಕಿದ್ದೇನೆ, ಕಾಣುತ್ತದೆ. ನನಗೆ ಬೇರೆ ಯಾರಿದ್ದಾರೆ? ಬಾ. ಆದರೆ ಬಂದರೆ ಹೀಗೆ ಮಾಡು. ನನಗೆ ಎಚ್ಚರ ತಪ್ಪಿದರೆ, ನೀನು ಏನು ನೋಡಿದೆಯೋ ಅದನ್ನು ರಿಜಿಸ್ಟರು ಬರೆದ ಹಾಗೆ ಗಂಟೆ ನಿಮಿಷ ಹಾಕಿ ಬರೆದಿಡು. ಒಂದು ಮಾತನ್ನೂ ಸೇರಿಸಬೇಡ. ಮತ್ತೆ, ಕೂಸು ಹೇಗೇ ಇರಲಿ, ಅದು ನನ್ನ ಹತ್ತಿರ ಬರಬೇಕು.

ಚಂದನಾ


ಹಿರೇಹಡಗಲಿ
೧೯ ಡಿಸೆಂಬರ್ ೨೦೨೪

ಚಂದನಾ,

ಬರುತ್ತೇನೆ. ನೀನು ಹೇಳಿದ ಹಾಗೆಯೇ ಮಾಡುತ್ತೇನೆ.

ಅವ್ವ


ದಾವಣಗೆರೆ, ಆಸ್ಪತ್ರೆ
೨೭ ಮಾರ್ಚ್ ೨೦೨೫, ಗುರುವಾರ

ಚಂದನಾ,

ನಿನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಬೆಳಿಗ್ಗೆ ಎಂಟೂ ಹತ್ತಕ್ಕೆ ಕೂಡ್ಲಿಗಿಯ ಮನೆಯಲ್ಲಿ ನನ್ನ ಎದುರಿಗೇ ನಿನಗೆ ಫಿಟ್ಸ್ ಬಂತು. ಆರೂವರೆ ತಿಂಗಳು. ಆಂಬುಲೆನ್ಸಿನಲ್ಲಿ ಇಲ್ಲಿಗೆ ಹನ್ನೊಂದಕ್ಕೆ ಬಂದೆವು. ದಾರಿಯಲ್ಲಿ ಇನ್ನೊಂದು ಸಲ ಬಂತು. ಅದರ ನಂತರ ನಿನಗೆ ಎಚ್ಚರವಿಲ್ಲ. ಹೊಟ್ಟೆ ಕೊಯ್ದು ಕೂಸನ್ನು ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಂದರು. ಅಳಿಯಂದಿರು ಸಹಿ ಮಾಡಿದರು.

ಹನ್ನೆರಡೂ ಹದಿನಾಲ್ಕಕ್ಕೆ ಕೂಸು ಹುಟ್ಟಿತು. ಗಂಡು. ಏಳುನೂರ ಇಪ್ಪತ್ತು ಗ್ರಾಂ. ಗಾಜಿನ ಬಾಗಿಲಿನಿಂದ ಕಂಡದ್ದು: ಬಾಯಿ ತೆರೆದ, ದನಿ ಬರಲಿಲ್ಲ. ಗಂಟಲಿಗೆ ನಳಿಗೆ ಹಾಕಿದರು. ಬಣ್ಣ ನೀಲಿ ಇತ್ತು. ಕಿವಿ ಮಡಚಿಕೊಂಡಿದ್ದವು. ಉಗುರು ಇದ್ದವು.

ಒಂದೂ ಮೂವತ್ತೈದಕ್ಕೆ ಡಾಕ್ಟರು ನಮ್ಮನ್ನು ಕರೆದರು. "ಶ್ವಾಸಕೋಶ ಬೆಳೆದಿಲ್ಲಮ್ಮ, ಎದೆಬಡಿತ ಇಳೀತಾ ಇದೆ. ನಮ್ಮ ಕೈಲಾದ್ದೆಲ್ಲ ಮಾಡಿದೀವಿ. ಇನ್ನೊಂದು ತಾಸು ಇರಬಹುದು" ಅಂದರು.

"ಹಂಗಾದ್ರ ಅವರವ್ವನ ಹತ್ರ ಕೊಡ್ರಿ" ಅಂದೆ.

"ಅವರಿಗೆ ಎಚ್ಚರ ಇಲ್ಲಮ್ಮ. ಗೊತ್ತಾಗೋದಿಲ್ಲ."

"ಎಚ್ಚರ ಇಲ್ದಿದ್ರ ಇರ್ಲಿ ಬಿಡ್ರಿ. ಎದಿ ಐತಲ್ರಿ."

ಅಳಿಯಂದಿರು ಮುಂದೆ ಬಂದು, "ಕೊಡ್ರಿ ಡಾಕ್ಟ್ರೇ. ಎಲ್ಲಿ ಬೇಕಾದ್ರೂ ಸಹಿ ಮಾಡ್ತೀನಿ" ಅಂದರು. ಡಾಕ್ಟರು ನರ್ಸಿಗೆ ತಲೆಯಾಡಿಸಿದರು.

ಒಂದೂ ಐವತ್ತಕ್ಕೆ ಕೂಸನ್ನು ನಿನ್ನ ಎದೆಯ ಮೇಲೆ ಮಲಗಿಸಿದರು. ನಳಿಗೆ ತೆಗೆದಿದ್ದರು. ಬೆಚ್ಚಗಿರಲೆಂದು ಮೇಲೆ ಹತ್ತಿಯ ಬಟ್ಟೆ ಹೊದಿಸಿದರು. ನಾನು ನಿನ್ನ ಬಲಗೈ ಎತ್ತಿ ಅವನ ಬೆನ್ನಿನ ಮೇಲಿಟ್ಟೆ. ನಿನ್ನ ಕೈ ಅವನನ್ನು ಪೂರ್ತಿ ಮುಚ್ಚಿತು. ನಿನ್ನ ಬೆರಳು ಅಲ್ಲಾಡಿತು ಎಂದು ಬರೆಯಬೇಕೆನ್ನಿಸುತ್ತದೆ. ಅಲ್ಲಾಡಲಿಲ್ಲ. ನೀನು ಉಸಿರೆಳೆದಾಗ ಅವನು ಮೇಲೇಳುತ್ತಿದ್ದ, ಬಿಟ್ಟಾಗ ಇಳಿಯುತ್ತಿದ್ದ. ಅವನದೇ ಉಸಿರು ಯಾವುದು, ನಿನ್ನದು ಯಾವುದು ಎಂದು ನನಗೆ ತಿಳಿಯಲಿಲ್ಲ. ಅಳಿಯಂದಿರು ಅವನ ಅಂಗಾಲು ಹಿಡಿದು ನಿಂತಿದ್ದರು.

ಎರಡೂ ಇಪ್ಪತ್ತೈದಕ್ಕೆ ನರ್ಸು ಅವನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಎದೆಬಡಿತ ಇಲ್ಲ ಅಂದಳು. ಮೂವತ್ತೈದು ನಿಮಿಷ ನಿನ್ನ ಮೇಲಿದ್ದ. ಹೋದದ್ದು ಅಲ್ಲಿಯೇ.

ಈಗ ಮೂರೂ ಐದು. ಕೂಸನ್ನು ಶವಾಗಾರಕ್ಕೆ ಕಳಿಸುತ್ತೇವೆ ಅಂದರು. ತಾಯಿ ನೋಡುವವರೆಗೆ ಕೊಡುವುದಿಲ್ಲ ಅಂದೆ. ನನ್ನ ಮಡಿಲಲ್ಲಿದ್ದಾನೆ. ನಿನ್ನ ಬಿ.ಪಿ. ಇನ್ನೂ ಹೆಚ್ಚಿದೆ. ಎದ್ದ ಕೂಡಲೇ ಹೇಳಬೇಡಿ, ಎರಡು ದಿನ ಕಳೆಯಲಿ ಎಂದು ಇನ್ನೊಬ್ಬ ಡಾಕ್ಟರು ಹೇಳಿ ಹೋದರು. ಅಳಿಯಂದಿರು ನನ್ನ ಮುಖ ನೋಡಿದರು. ನಿನಗೆ ಮತ್ತೆ ಫಿಟ್ಸ್ ಬಂದರೆ ಅದಕ್ಕೆ ನಾನೇ ಕಾರಣ ಎಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಮೂರೂ ಹನ್ನೊಂದು. ನೀನು ತಲೆ ಈ ಕಡೆ ಹೊರಳಿಸಿದೆ. ತುಟಿ ಒಣಗಿದೆ. "ಅವ್ವಾ, ಕೂಸು?" ಅಂದೆ. ಇದನ್ನು ನಾನು ಸೇರಿಸಿದ್ದಲ್ಲ, ಅಳಿಯಂದಿರಿಗೂ ಕೇಳಿಸಿತು.

ಪೆನ್ನು ಇಡುತ್ತೇನೆ. ಹೇಳಬೇಕು.

ಭರಮಮ್ಮ